ಬಾಗಿಲಲ್ಲಿ ಅಡ್ಡ ತಿರುಗುವ ವಸ್ತಾದರು

ಶೆಟ್ಟೆಪ್ಪ ವಸ್ತಾದರು ಯಾವ ಬಾಗಿಲನ್ನೂ ನೇರವಾಗಿ ಹೊಕ್ಕವರಲ್ಲ. ಹೊಸ್ತಿಲು ಹತ್ತಿರವಾದೊಡನೆ ಅವರ ಬಲಭುಜ ತಾನಾಗಿ ಮುಂದೆ ಬರುತ್ತಿತ್ತು, ಸೊಂಟ ಓರೆಯಾಗುತ್ತಿತ್ತು, ಉಸಿರು ಒಂದಿಷ್ಟು ಒಳಸರಿಯುತ್ತಿತ್ತು. ಹುಲ್ಲು ಹೇರಿದ ಬಂಡಿಯನ್ನು ಇಕ್ಕಟ್ಟಿನ ಸಂದಿಯಲ್ಲಿ ತಿರುಗಿಸುವ ಗಾಡಿಯವನ ಎಚ್ಚರದಿಂದ ಅವರು ತಮ್ಮನ್ನು ತಾವೇ ಒಳಗೆ ತಂದುಕೊಳ್ಳುತ್ತಿದ್ದರು. ನೋಡಿದವರು ನಗುತ್ತಿದ್ದರು, ಯಾಕೆಂದರೆ ಹಾಗೆ ತಿರುಗಿಸಿ ತರಬೇಕಾದಂಥ ಮೈಯೇ ಅಲ್ಲಿರಲಿಲ್ಲ. ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಹಿಂದೆ ಅವರಿದ್ದ ಚಾಳಿನ ಒಂಟಿ ಕೋಣೆಗಳ ಬಾಗಿಲುಗಳು ಸಣ್ಣವೇ ನಿಜ, ಆದರೆ ವಸ್ತಾದರಂಥ ಇಬ್ಬರು ಮಾತಾಡಿಕೊಂಡು ಜೋಡಿಯಾಗಿ ದಾಟುವಷ್ಟು ಅಗಲ ಅವಕ್ಕಿತ್ತು.

ಮೈ ಇದ್ದದ್ದು ಹಿಂದೆ. ಬೆಳಗಾವಿ, ಮಿರಜ, ಕೊಲ್ಹಾಪುರದ ಅಖಾಡಗಳಲ್ಲಿ ಕುಸ್ತಿ ಹಿಡಿದು ಹೆಸರು ಮಾಡಿ, ಆ ಹೆಸರಿನ ಬಲದ ಮೇಲೆ ಮುಂಬಯಿಗೆ ಬಂದು ಹುಡುಗರಿಗೆ ಪಟ್ಟು ಕಲಿಸುವ ತಾಲೀಮು ನಡೆಸಿಕೊಂಡಿದ್ದ ಮನುಷ್ಯನನ್ನು ಒಂದು ಮಳೆಗಾಲದ ವಿಷಮಶೀತ ಜ್ವರ ಹಿಂಡಿ ಒಣಗಲು ಹಾಕಿತ್ತು. ಉಳಿದದ್ದು ಕುಸ್ತಿಯಲ್ಲಿ ಜಜ್ಜಿ ಹಿಸುಕಿದ ಅಂಜೂರದಂತಾದ ಎರಡು ಕಿವಿ, ದವಸದ ಗೋದಾಮಿನಲ್ಲಿ ಚೀಲ ತೂಗಿಸುವ ಕೆಲಸ, ಆ ಕಾಲದಲ್ಲಿ ಹೊಲಿಸಿದ ಒಂದು ಕರೀ ಕೋಟು. ಕೋಟಿನೊಳಗೆ ಅವರು ಡೇರೆಯೊಳಗಿನ ಗೂಟದ ಹಾಗೆ ನಿಂತಿರುತ್ತಿದ್ದರು. ಮೈಗೆ ಹಿಡಿಸಿ ಕೊಡುತ್ತೇನೆಂದು ಟೇಲರು ಎಷ್ಟು ಸಲ ಹೇಳಿದರೂ ಉತ್ತರ ಒಂದೇ: "ಸಾವಕಾಶ ತಮ್ಮಾ, ಸಾವಕಾಶ." ಲೋಕಲ್ ತಪ್ಪಿದರೂ ಸಾವಕಾಶ, ನಲ್ಲಿಯ ಹತ್ತಿರ ಹೆಂಗಸರು ಜಗಳಕ್ಕೆ ಬಿಂದಿಗೆ ಎತ್ತಿದರೂ ಸಾವಕಾಶ.

ಇನ್ನೊಂದು ಚಟವಿತ್ತು. ಎದುರಿಗೆ ಬಂದವರ ತೂಕವನ್ನು ಕಣ್ಣಿನಲ್ಲೇ ಅಳೆದು ಹೇಳಿಬಿಡುತ್ತಿದ್ದರು. ಬೇಡದವರ ಲೆಕ್ಕ ಸರಿಯಾಗಿ ಬರುತ್ತಿತ್ತು. ಬೇಕಾದವರ ಲೆಕ್ಕ ಯಾವಾಗಲೂ ತಪ್ಪುತ್ತಿತ್ತು, ಹೆಚ್ಚಿನ ಕಡೆಗೆ. ಎದುರು ಖೋಲಿಯ ಶರಣವ್ವನ ಮಗಳು ಚನ್ನವ್ವನ ವಿಷಯದಲ್ಲಂತೂ ಅವರು ನಾಚಿಕೆಯಿಲ್ಲದೆ ತಪ್ಪುತ್ತಿದ್ದರು.

ಚನ್ನವ್ವನಿಗೆ ಆಗ ಹದಿನಾಲ್ಕು ತುಂಬಿತ್ತು. ದೀಪಾವಳಿಯ ಹೊತ್ತಿಗೆ ಹಂಡೆಗಟ್ಟಲೆ ನೀರು ಕುಡಿಯಲು ಹತ್ತಿ, ಬಟ್ಟೆಯೆಲ್ಲ ಸಡಿಲಾಗಿ, ಶಾಲೆಯಲ್ಲಿ ಎರಡು ಸಲ ಬಿದ್ದಮೇಲೆ ಆಸ್ಪತ್ರೆಯವರು ಸಕ್ಕರೆ ಬೇನೆ ಎಂದಿದ್ದರು. ಚಾಳು ನಂಬಲಿಲ್ಲ. ಅದು ಗಾದಿಯ ಮೇಲೆ ಕೂತು ಹೊಟ್ಟೆ ಬೆಳೆಸಿದ ಸೇಠಜಿಗಳಿಗೆ ಬರುವ ಬೇನೆ, ಕಡ್ಡಿಯಂಥ ಹುಡುಗಿಗೆ ಯಾಕೆ ಬಂದೀತು? ಬಂದಿತ್ತು. ದಿನವೂ ಇನ್ಸುಲಿನ್ ಸೂಜಿ ಬೇಕಾಯಿತು. ಗಾಜಿನ ಸಿರಿಂಜನ್ನು ಕುದಿಸಿ ಚುಚ್ಚುವುದನ್ನು ಶರಣವ್ವ ಅಳುತ್ತಲೇ ಕಲಿತಳು. ಔಷಧದ ಸೀಸೆ ಒದ್ದೆ ಬಟ್ಟೆ ಸುತ್ತಿಕೊಂಡು ನೀರಿನ ಹರವಿಯ ಪಕ್ಕ ಕೂತಿತು. ತಂದೆ ಪರಪ್ಪ ಬೆಳಿಗ್ಗೆ ಬಟ್ಟೆಯ ಅಂಗಡಿಗೆ ಹೋದರೆ ಮಗಳು ಮಲಗಿದ ಮೇಲೇ ಬರುವವನು. ಶಾಲೆಯ ಹೆಡ್‌ಬಾಯಿಯವರು, ಡಾಕ್ಟರ ಒಪ್ಪಿಗೆಯಿಲ್ಲದೆ ಹುಡುಗಿಯನ್ನು ಕ್ಲಾಸಿಗೆ ಕೂಡಿಸುವುದಿಲ್ಲ ಎಂದರು. ಡಾಕ್ಟರು, ಮೈಯಲ್ಲಿ ಮಾಂಸ ಹತ್ತದೆ ಒಪ್ಪಿಗೆ ಕೊಡುವುದಿಲ್ಲ ಎಂದರು. ಹೀಗೇ ಇಳಿದರೆ ಮಳೆಗಾಲದ ಒಂದು ಜ್ವರವನ್ನೂ ಈ ಮೈ ತಾಳುವುದಿಲ್ಲ ಎಂದು ಶರಣವ್ವನಿಗಷ್ಟೇ ಕೇಳುವಂತೆ ಸೇರಿಸಿದರು. ಚನ್ನವ್ವನಿಗೂ ಕೇಳಿಸಿತು.

ಮಳೆಗಾಲದ ಜ್ವರ ಏನು ಮಾಡಬಲ್ಲದು ಎಂದು ಆ ಚಾಳಿನಲ್ಲಿ ಬಲ್ಲವರು ಒಬ್ಬರಿದ್ದರು. ವಿಷಯ ಕಿವಿಗೆ ಬಿದ್ದ ಮರುದಿನವೇ ವಸ್ತಾದರು ಅಡ್ಡ ತಿರುಗಿ ಒಳಗೆ ಬಂದರು, ಕೈಯಲ್ಲಿ ಹಿತ್ತಾಳೆ ಚೊಂಬು. ಬಾದಾಮಿ, ಗಸಗಸೆ, ಕಲ್ಲುಸಕ್ಕರೆ ಅರೆದು ಕಾಸಿದ ಹಾಲು. ಎಷ್ಟೋ ಪೈಲ್ವಾನರನ್ನು ಎತ್ತಿ ನಿಲ್ಲಿಸಿದ ಖುರಾಕು. ಶರಣವ್ವ ಬೇಡವೆಂದಳು, ಆದರೆ ಗಟ್ಟಿಯಾಗಿ ಅನ್ನಲಿಲ್ಲ. ತಿಂಗಳುಗಳ ಮೇಲೆ ಸಿಹಿ ನಾಲಗೆಗೆ ಬಿದ್ದಾಗ ಚನ್ನವ್ವನ ಕಣ್ಣಲ್ಲಿ ನೀರು ಬಂತು. ವಾರದೊಳಗೆ ಆಕೆ ವಾಂತಿ ಮಾಡಿಕೊಂಡು, ಬಾಯೊಣಗಿ, ಏದುಸಿರು ಬಿಡುತ್ತ ಆಸ್ಪತ್ರೆ ಸೇರಿದ್ದಳು.

ಡಾಕ್ಟರು ಧಾರವಾಡದ ಕಡೆಯವರು. ವಾರ್ಡಿನಲ್ಲಿ ಎಲ್ಲರೆದುರು ಶರಣವ್ವನನ್ನು ಝಾಡಿಸತೊಡಗಿದರು. ಆಗ ವಸ್ತಾದರು ಕೋಟಿನ ಗುಂಡಿ ಹಾಕಿಕೊಂಡು ಮುಂದೆ ಬಂದದ್ದನ್ನು ಚನ್ನವ್ವ ಹಾಸಿಗೆಯಿಂದಲೇ ನೋಡಿದಳು.

"ಆಕಿನ್ನ ಬೈಬ್ಯಾಡ್ರಿ ಸಾಹೇಬ್ರ. ಕುಡಿಸಿದಾಂವ ನಾನು."

"ಯಾಕ್ರೀ ಪೈಲ್ವಾನ್ರ, ಈ ಹುಡುಗೀನ ಕುಸ್ತಿಗೆ ಇಳಸಾಂವಿದ್ರೇನು?"

"ಇಲ್ರಿ. ನನಗ ಗೊತ್ತಿದ್ದ ಪಟ್ಟು ಅದೊಂದಽ ಇತ್ತು. ಅದು ಇಲ್ಲಿ ನಡಿಯಂಗಿಲ್ಲ ಅಂತ ತಿಳೀತು. ನಡಿಯೂದು ಯಾವ್ದು, ಅದನ್ನ ಕಲಸ್ರಿ."

ಡಾಕ್ಟರ ಸಿಟ್ಟು ಅಲ್ಲೇ ನಿಂತಿತು, ಅವರು ಬಿಡಿಸಿ ಹೇಳತೊಡಗಿದರು. ಈ ಬೇನೆಯಲ್ಲಿ ಸೂಜಿಯಿಲ್ಲದ ಊಟ ಮೈಗೆ ಹತ್ತದೆ ಸಕ್ಕರೆಯಾಗಿ ಹರಿದುಹೋಗುತ್ತದೆ. ಊಟವಿಲ್ಲದ ಸೂಜಿ ಅದಕ್ಕಿಂತ ಅಪಾಯ, ಕೈ ನಡುಗಿ ಬೆವರಿ ಎಚ್ಚರ ತಪ್ಪುತ್ತದೆ, ಆಗ ಮಾತ್ರ ಬೆಲ್ಲದ ಚೂರು. ಎರಡೂ ಜೋಡೆತ್ತಿನ ಹಾಗೆ ಸಮನಾಗಿ ನಡೆದರೆ ಮಾಂಸ ಹತ್ತುತ್ತದೆ. ಜೋಳದ ರೊಟ್ಟಿ, ಹೆಸರುಕಾಳು, ಮೊಸರು, ಶೇಂಗಾ ಚಟ್ನಿ, ಮೇಲೆ ತುಪ್ಪ. ಹೊತ್ತಿಗೆ ಸರಿಯಾಗಿ ಊಟ. ಇಷ್ಟನ್ನು ವಸ್ತಾದರು ಶಾಲೆಯ ಹುಡುಗನಂತೆ ಮೂರು ಸಲ ಒಪ್ಪಿಸಿದರು. ಗೋದಾಮಿನ ಹಮಾಲರ ನಡುವೆ ಯಾರಿಗೂ ತಲೆ ತಗ್ಗಿಸದ ಆ ಮನುಷ್ಯ ಒಂದು ಹುಡುಗಿಯ ಊಟದ ಪಾಠದೆದುರು ಕೈಕಟ್ಟಿ ನಿಂತಿದ್ದನ್ನು ಚನ್ನವ್ವ ಎಂದೂ ಮರೆಯಲಿಲ್ಲ.

ಅಂದಿನಿಂದ ಅವರು ಆಕೆಯ ಊಟದ ಹೊತ್ತಿಗೆ ಬಂದು ಕೂರತೊಡಗಿದರು. ಮನೆಯವರೆಲ್ಲ ಆಕೆಯಿಂದ ಸಿಹಿ ಬಚ್ಚಿಡುತ್ತಿದ್ದರು. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಲು ಬಂದ ಹೆಂಗಸರು ಆಕೆಯನ್ನು ಕಂಡು ಸೆರಗಿನಲ್ಲಿ ತಟ್ಟೆ ಮುಚ್ಚಿಕೊಂಡು ಹೋಗಿದ್ದರು. ವಸ್ತಾದರೊಬ್ಬರೇ ಆಕೆಯ ಎದುರಿನಲ್ಲೇ ಮೂರು ಚಮಚ ಸಕ್ಕರೆಯ ಚಹಾ ಸುರಿಸುರಿ ಎಂದು ಹೀರುವವರು. "ನಾ ಕುಡೀತೇನಿ, ನೀ ಕುಡಿಯಂಗಿಲ್ಲ. ಇದರಾಗ ಮುಚ್ಚಿಡೂದು ಏನೈತಿ?" ಎನ್ನುತ್ತಿದ್ದರು. ಆ ಸುರಿಸುರಿ ಸದ್ದು ಆಕೆಗೆ ಮರ್ಯಾದೆಯಂತೆ ಕೇಳಿಸುತ್ತಿತ್ತು.

ಒಂದು ದಿನ ಆಕೆ ಕೇಳಿದಳು: "ಕಾಕಾ, ನೀವು ಇಷ್ಟ ಸಣ್ಣಗಿದ್ದೀರಿ. ಬಾಗಲದಾಗ ಯಾಕ ಅಡ್ಡ ತಿರಗತೀರಿ?"

"ಹೋದ ಮೈ ಯಾವಾಗ ತಿರುಗಿ ಬರತೈತೋ ಯಾರಿಗ್ಗೊತ್ತು? ಬಂದ ದಿನ ಬಾಗಲಾ ಬಡದ್ರ ಹೆಂಗ?"

ಭಾನುವಾರ ಭಾನುವಾರ ಇಬ್ಬರೂ ಗ್ರಾಂಟ್ ರೋಡ್ ಸ್ಟೇಷನ್ನಿನ ತೂಕದ ಮಶೀನಿಗೆ ಹೋಗುತ್ತಿದ್ದರು. ಕಾಸು ಹಾಕುವ ಮೊದಲು ವಸ್ತಾದರು ಕಣ್ಣು ಕಿರಿದು ಮಾಡಿ ಒಂದು ಅಂದಾಜು ಹೇಳುವರು. ಟಿಕೇಟಿನಲ್ಲಿ ಅದಕ್ಕಿಂತ ಕಡಿಮೆ ಬರುವುದು. "ಮಶೀನು ಕೆಟ್ಟೈತಿ" ಎಂದು ಅದಕ್ಕೊಂದು ಗುದ್ದು ಕೊಟ್ಟು ಹೊರಡುವರು. ಚನ್ನವ್ವ ಮಾತ್ರ ದಾರಿಯುದ್ದಕ್ಕೂ ನೆಲ ನೋಡುತ್ತ ಬರುವಳು, ಯಾಕೆಂದರೆ ಮಶೀನು ಕೆಟ್ಟಿಲ್ಲವೆಂದು ಆಕೆಗೆ ಗೊತ್ತಿತ್ತು.

ಮನೆಯಲ್ಲಿ ದಿನಾ ಸಂಜೆ ಒಂದು ಪರೀಕ್ಷೆ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣಕ್ಕೆ ಆಕೆಯ ಮೂತ್ರದ ಕೆಲವು ಹನಿ ಬೆರೆಸಿ ಸ್ಪಿರಿಟ್ ಬುಡ್ಡಿಯ ಮೇಲೆ ಕಾಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯೇ. ಇದ್ದರೆ ಹಸಿರು, ಹಳದಿ, ಬಹಳವಾದರೆ ಇಟ್ಟಿಗೆ ಕೆಂಪು. ನೀಲಿ ಉಳಿದ ದಿನ ಶರಣವ್ವ ಮುಖ ತೊಳೆದು, ಕುಂಕುಮ ತೀಡಿ, ದೇವರ ಮುಂದೆ ತುಪ್ಪದ ದೀಪ ಹಚ್ಚುವಳು. ಕೆಂಪಾದ ದಿನ ದೀಪವಿಲ್ಲ. ಗೋಡೆಗೆ ಮುಖ ಮಾಡಿ ಕೂತುಬಿಡುವಳು. ಒಬ್ಬಳೇ ಮಗಳ ತಾಯಿ, ಬೇರೆ ಏನು ಮಾಡಬೇಕೆಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚನ್ನವ್ವ ಬೇಗನೆ ಒಂದು ದಾರಿ ಕಂಡುಕೊಂಡಳು: ಕಡಿಮೆ ಉಂಡರೆ ನೀಲಿ. ತಾಯಿ ನಲ್ಲಿಗೆ ಹೋದಾಗ, ವಸ್ತಾದರು ಬರುವ ಮೊದಲು, ತುಪ್ಪ ಸವರಿದ ರೊಟ್ಟಿ ತುಂಡು ತುಂಡಾಗಿ ಕಿಟಕಿಯ ಪಾರಿವಾಳಗಳಿಗೆ ಹೋಗುತ್ತಿತ್ತು. ಅವರು ಬರುವ ಹೊತ್ತಿಗೆ ತಟ್ಟೆಯಲ್ಲಿ ಕೊನೆಯ ತುತ್ತು ಉಳಿದಿರುತ್ತಿತ್ತು. ನಳಿಗೆ ಸತತ ನೀಲಿಯಾಯಿತು; ಆಗಾಗ ಕೈ ನಡುಗಿ ಬೆವರೂ ಬಂತು. ಇದನ್ನು ಕೇಳಿದ ಡಾಕ್ಟರು ಸೂಜಿಯ ಪ್ರಮಾಣ ಇಳಿಸಿದರು. ಬೇನೆಯೇ ಇಳಿಯಿತೆಂದು ಶರಣವ್ವ ಚಾಳಿನ ಮೂರೂ ಮಾಳಿಗೆಗೆ ಹೇಳಿ ಬಂದಳು. ಸೂಜಿ ಇಳಿಯಿತು, ಊಟ ಇನ್ನೂ ಇಳಿಯಿತು, ಹುಡುಗಿ ಎಲುಬಿನ ಗೂಡಾದಳು. ಶಾಲೆ ತೆರೆಯುವ ಜೂನು ಹತ್ತಿರ ಬರುತ್ತಿತ್ತು, ಅದರ ಹಿಂದೆಯೇ ಮಳೆ.

ಒಂದು ಮಧ್ಯಾಹ್ನ ವಸ್ತಾದರು ಚಹಾ ಹೀರುತ್ತ ಕಿಟಕಿಯ ಕಡೆ ನೋಡುತ್ತಲೇ ಇದ್ದರು. ಹೊರಗೆ ಸಜ್ಜೆಯ ಮೇಲೆ ಪಾರಿವಾಳಗಳು, ಕುತ್ತಿಗೆ ತುಂಬಿ, ಎದೆ ಉಬ್ಬಿ, ಒಂದನ್ನೊಂದು ನೂಕುತ್ತ ಕಾದು ನಿಂತಿದ್ದವು. ಮನುಷ್ಯರ ಮೈ ಏರುವುದನ್ನೂ ಇಳಿಯುವುದನ್ನೂ ಜನ್ಮವೆಲ್ಲ ನೋಡಿದ ಕಣ್ಣು ಹಕ್ಕಿಗಳಿಂದ ಹುಡುಗಿಗೆ ಬಂತು, ಹುಡುಗಿಯಿಂದ ಮತ್ತೆ ಹಕ್ಕಿಗಳಿಗೆ ಹೋಯಿತು.

"ಚನ್ನೀ, ಈ ಪೈಲ್ವಾನರು ಯಾರ ತಾಲೀಮಿನವರು?"

ಆಕೆ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. "ಅವ್ವಗ ಹೇಳಬ್ಯಾಡ್ರಿ ಕಾಕಾ."

"ಇಲ್ಲ. ಯಾಕ ಚೆಲ್ಲತಿ, ಅದನ್ನಷ್ಟ ಹೇಳು. ಹಸಿವಿ ಆಗೂದಿಲ್ಲೇನು?"

"ಆಗತೈತ್ರಿ. ಭಾಳ ಆಗತೈತ್ರಿ. ಆದರ ಕೆಂಪ ಬಂದ್ರ ಅವ್ವ ದೀಪಾ ಹಚ್ಚೂದಿಲ್ಲ."

ವಸ್ತಾದರು ಚಹಾದ ಬಸಿಯನ್ನು ಕೆಳಗಿಟ್ಟರು. ಅವರು ಅಂದದ್ದು ಇಷ್ಟೆ: "ನಿಮ್ಮವ್ವಗ ನಾ ಹೇಳೂದಿಲ್ಲ. ಡಾಕ್ಟರಿಗೆ ನೀನಽ ಹೇಳು. ನಾ ಬಾಜೂಕ ನಿಂತಿರತೇನಿ."

ಹೇಳಿದಳು. ಡಾಕ್ಟರು ಬೈಯಲಿಲ್ಲ. "ನನಗ ಖರೇ ಬಣ್ಣ ಬೇಕವಾ. ಕೆಂಪ ಬಂದ್ರ ಸೂಜಿ ಏರಸೂದು ನನ್ನ ಕೆಲಸ, ಉಣ್ಣೂದು ನಿನ್ನ ಕೆಲಸ" ಎಂದು ಸೂಜಿ ಹೆಚ್ಚಿಸಿ ಕಳಿಸಿದರು. ಉಳಿದದ್ದು ದೀಪದ ಕೆಲಸ. ಅದನ್ನು ವಸ್ತಾದರು ಅಂದು ಸಂಜೆಯೇ ಕೈಗೆತ್ತಿಕೊಂಡರು. ಅಡ್ಡ ತಿರುಗಿ ಒಳಗೆ ಬಂದು, ಬುಡ್ಡಿ ಹಚ್ಚಲು ಹೊರಟಿದ್ದ ಶರಣವ್ವನ ಮುಂದೆ ಕೂತರು.

"ತಂಗೀ, ಇನ್ನ ಮ್ಯಾಲ ನಳಿಗಿ ಚನ್ನೀನಽ ಕಾಸಲಿ. ನಾ ನೋಡತೇನಿ."

"ಯಾಕ್ರೀ ವಸ್ತಾದರ? ಬಾದಾಮಿ ಹಾಲು ಕುಡಿಸಿ ಮಲಗಿಸಿದ್ದು ಸಾಲಲಿಲ್ಲೇನು?"

"ತಪ್ಪಾತು. ಅದನ್ನ ಮರತಿಲ್ಲ. ಒಂದು ಮಾತು ಕೇಳತೇನಿ, ಹೇಳು. ನೀ ದೇವರಿಗೆ ದೀಪಾ ಹಚ್ಚತಿಯೋ, ಬಣ್ಣಕ್ಕ ಹಚ್ಚತಿಯೋ?"

ಶರಣವ್ವ ಕಡ್ಡಿಪೆಟ್ಟಿಗೆಯನ್ನು ಕೆಳಗಿಟ್ಟಳು.

"ದೇವರಿಗೆ ಆದರ ಮೊದಲ ಹಚ್ಚು. ಆಮ್ಯಾಲ ನಳಿಗಿ ಕಾಸೂಣು."

ಆಕೆ ಎದ್ದು ಹೋಗಿ ಪಾತ್ರೆ ಕುಕ್ಕಿದಳು, ಒಲೆ ಊದಿದಳು. ಕೊನೆಗೆ ಮುಖ ತೊಳೆದು ಬಂದು ದೀಪ ಹಚ್ಚಿದಳು. ಆ ಬೆಳಕಿನಲ್ಲಿ ಚನ್ನವ್ವ ತನ್ನ ನಳಿಗೆಯನ್ನು ತಾನೇ ಹಿಡಿದು ಕಾಸಿದಳು. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಿದ್ದ ದಿನ. ನಳಿಗೆ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆ ಕೆಂಪಿಗೆ ಹೋಗಿ ನಿಂತಿತು. ಆಕೆ ವಸ್ತಾದರ ಮುಖ ನೋಡಿದಳು. ಎದುರಾಳಿಗೆ ಏನನ್ನೂ ತೋರಗೊಡದೆ ಪಳಗಿದ ಮುಖ. ಅದರಲ್ಲಿ ದುಃಖವೂ ಇರಲಿಲ್ಲ, ಸಮಾಧಾನ ಹೇಳುವ ಅವಸರವೂ ಇರಲಿಲ್ಲ.

"ಕೆಂಪು. ಸಾವಕಾಶ. ನಾಳೆ ಡಾಕ್ಟರಿಗೆ ಹೇಳೂಣು."

ಮುಂದೆ ನೀಲಿ ಬಂದ ದಿನವೂ ಅವರು ಅದೇ ದನಿಯಲ್ಲಿ "ನೀಲಿ. ಸಾವಕಾಶ" ಎಂದರು. ದೀಪ ಎರಡೂ ದಿನ ಉರಿಯಿತು. ಡಾಕ್ಟರು ಖರೇ ಬಣ್ಣ ನೋಡಿ ಸೂಜಿ ಏರಿಸುತ್ತ ಹೋದರು, ಚನ್ನವ್ವ ಉಣ್ಣುತ್ತ ಹೋದಳು. ಪಾರಿವಾಳಗಳು ಕೆಲವು ದಿನ ಕಾದು ಬೇರೆ ಕಿಟಕಿ ನೋಡಿಕೊಂಡವು. "ಈಗೀಗ ಹಕ್ಕಿ ಯಾಕ ಬರವಲ್ವು?" ಎಂದು ಶರಣವ್ವ ಒಮ್ಮೆ ಕೇಳಿದಳು, ಕೇಳಿದವಳು ಖಾಲಿ ಸಜ್ಜೆಯನ್ನು ನೋಡಿದಳು, ಮಗಳ ಖಾಲಿ ತಟ್ಟೆಯನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂದು ರೊಟ್ಟಿಗೆ ತುಪ್ಪ ಒಂದು ಚಮಚ ಹೆಚ್ಚು ಬಿತ್ತು.

ಮೇ ಕೊನೆಯ ಭಾನುವಾರ ವಸ್ತಾದರು ಮಶೀನಿನ ಮುಂದೆ ಕಣ್ಣು ಕಿರಿದು ಮಾಡಿ, ಎಂದಿನಂತೆ ಉದಾರವಾಗಿ ಒಂದು ತೂಕ ಹೇಳಿದರು. ಟಿಕೇಟು ಬಿತ್ತು. ಚನ್ನವ್ವ ಓದಿ ಅವರ ಕೈಗೆ ಕೊಟ್ಟಳು. ಮಶೀನು ಅವರ ಅಂದಾಜಿಗಿಂತ ಮೂರು ಪೌಂಡು ಮೇಲೆ ಹೇಳಿತ್ತು. ವಸ್ತಾದರು ಟಿಕೇಟನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು.

"ಕೆಟ್ಟೈತೇನ್ರಿ ಕಾಕಾ?"

"ಹಾಂಗ ಅನ್ನಬ್ಯಾಡ. ರೇಲ್ವೆ ಮಶೀನು ಅದು."

ಜೂನಿನಲ್ಲಿ ಮಳೆ ಹಿಡಿದ ಮೊದಲ ವಾರ ಚನ್ನವ್ವ ಡಾಕ್ಟರ ಒಪ್ಪಿಗೆಯ ಚೀಟಿ, ಪಾಟೀಚೀಲ, ಉಟ್ಟ ಪರಕಾರದ ಅಂಚಿನ ಗಂಟಿನಲ್ಲಿ ಬೆಲ್ಲದ ಚೂರು ಹಿಡಿದು ಶಾಲೆಗೆ ಹೊರಟಳು. ಹೊಸ್ತಿಲಿಗೆ ಬಂದೊಡನೆ ಆಕೆಯ ಬಲಭುಜ ಮುಂದಾಯಿತು, ಸೊಂಟ ಓರೆಯಾಯಿತು. ತನಗೇ ತಿಳಿಯದೆ ಅಡ್ಡ ತಿರುಗಿ ಹೊರಗೆ ಹೋದಳು. "ಅಯ್ಯ, ಈಕಿಗೂ ಹತ್ತಿತಲ್ಲ ವಸ್ತಾದರ ಚಾಳಿ" ಎಂದು ಶರಣವ್ವ ನಗಹತ್ತಿದಳು. ಎದುರು ಖೋಲಿಯ ಬಾಗಿಲಲ್ಲಿ ವಸ್ತಾದರು ಮೊದಲ ಸಲ ನೇರವಾಗಿ, ಚೌಕಟ್ಟು ತುಂಬಿದವರ ಹಾಗೆ ನಿಂತಿದ್ದರು.

ಇಂಥ ಜನ ಇದ್ದಾರೆ. ಹೋದದ್ದು ಮರಳಿ ಬರುತ್ತದೆಂದು ಅವರು ಯಾರಿಗೂ ಮಾತು ಕೊಡುವುದಿಲ್ಲ, ಬರಲಿಲ್ಲವೆಂದು ಯಾರ ಮುಂದೆಯೂ ಕೂತು ಅಳುವುದಿಲ್ಲ. ಬಂದರೆ ಹೊಸ್ತಿಲಲ್ಲಿ ಜಾಗ ಇರಲಿ ಎಂದು ದಿನವೂ ಇಷ್ಟು ಓರೆಯಾಗಿ ನಡೆಯುತ್ತಾರೆ, ನಗುವವರನ್ನು ನಗಗೊಡುತ್ತಾರೆ. ಅವರದು ಅವರಿಗೆ ಮರಳಿ ಬರದೆಯೇ ಹೋಗಬಹುದು. ಆದರೆ ಅವರು ಬಿಟ್ಟ ಜಾಗದಲ್ಲಿ ಒಂದಲ್ಲ ಒಂದು ದಿನ ಇನ್ನೊಬ್ಬರು ಹಾದುಹೋಗುತ್ತಾರೆ.