ಬಿರುದಪ್ಪನವರ ಪ್ರೂಫು

ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದವರೊಬ್ಬರಿಗೆ ಅಭಿನಂದನ ಗ್ರಂಥ ಯಾಕೆ ಎಂದು ಪ್ರೆಸ್ಸಿನಲ್ಲಿ ಯಾರೂ ಕೇಳಲಿಲ್ಲ. ಅಭಿನಂದನ ಸಮಿತಿಯ ಅಧ್ಯಕ್ಷರೂ ಅವರೇ ಆಗಿದ್ದರು. ಡಿಟಿಪಿ ಮಾಡುವವಳು ಅವರಿಗೆ ಬಿರುದಪ್ಪ ಎಂದು ಹೆಸರಿಟ್ಟಿದ್ದಳು. ಇಪ್ಪತ್ತು ಲೇಖನ; ಪ್ರತಿಯೊಂದರ ತಲೆಯ ಮೇಲೂ 'ಜ್ಞಾನಭಂಡಾರ, ಕಾಯಕವೀರ, ಸರಳತೆಯ ಸಾಕಾರಮೂರ್ತಿ' ಎಂದು ಬರಬೇಕು. ಸರಳತೆ ದಪ್ಪಕ್ಷರದಲ್ಲಿರಲಿ ಎಂದು ಖುದ್ದಾಗಿ ಬಂದು ಹೇಳಿ ಹೋಗಿದ್ದರು.

ಆ ಮನುಷ್ಯನನ್ನು ಇಪ್ಪತ್ತು ಸಲ ಹೊಗಳಲು ಅವಳ ಬೆರಳು ಒಪ್ಪಲಿಲ್ಲ. ಪುಟ ಕಟ್ಟುವ ಸಾಫ್ಟ್‌ವೇರೇ ಆ ಕೆಲಸ ಮಾಡಲಿ ಎಂದು ಅದಕ್ಕೆ ಆದೇಶಗಳ ಒಂದು ಸ್ಕ್ರಿಪ್ಟ್ ಬರೆದಳು. ಅಕ್ಷರ ತುಂಬಿಡಲು ಡಬ್ಬಿಯಂಥ ಒಂದು ವೇರಿಯಬಲ್ಲು. ಅದಕ್ಕೆ ಬಿರುದು ಸೇರಿಸಲು ಒಂದು ಫಂಕ್ಷನ್ನು. ಡಬ್ಬಿಯಲ್ಲಿದ್ದದ್ದನ್ನು ಲೇಖನದ ತಲೆಗೆ ಸುರಿಯಲು ಇನ್ನೊಂದು. ಸುರಿದ ಮೇಲೆ ಡಬ್ಬಿ ಖಾಲಿ ಮಾಡುವ ಸಾಲೊಂದನ್ನು ಮರೆತಳು.

ಹಾಗಾಗಿ ಎರಡನೆಯ ಲೇಖನಕ್ಕೆ ಬಿರುದು ಎರಡು ಸಲ ಬಂತು, ಮೂರನೆಯದಕ್ಕೆ ಮೂರು ಸಲ. ಇಪ್ಪತ್ತನೆಯದರಲ್ಲಿ ಸಾಕಾರಮೂರ್ತಿಗಳು ಇಡೀ ಪುಟ ನುಂಗಿ, ಲೇಖಕನನ್ನು ಮುಂದಿನ ಪುಟಕ್ಕೆ ದಬ್ಬಿದ್ದರು. ಅವಳ ಕಣ್ಣಿಗೆ ಬೀಳುವ ಮೊದಲೇ ಪ್ರೆಸ್ಸಿನ ಮಾಲೀಕ, ಅವಳ ಅಕ್ಕನ ಗಂಡ, ಪ್ರೂಫನ್ನು ಬಿರುದಪ್ಪನವರಿಗೆ ತಲುಪಿಸಿಯಾಗಿತ್ತು. ಅವಳು ತಪ್ಪು ಹೇಳಿಕೊಂಡಾಗ ಅವಳ ಮೇಲೇ ಹರಿಹಾಯ್ದ.

"ಹೋದ ತಿಂಗಳು ಮದುವೆ ಪತ್ರಿಕೇಲಿ ಹೆಣ್ಣಿನ ಹೆಸರೇ ಬಿಟ್ಟೆ. ಈಗ ಇದು. ಅವರೇನಾದ್ರೂ ಬೈದ್ರೆ ನಾಳೆಯಿಂದ ಬರಬೇಡಮ್ಮ. ನಿಮ್ಮಕ್ಕನ ಮುಖ ನೋಡಿ ಎಷ್ಟೂಂತ ಸಹಿಸ್ಕೊಳ್ಳಲಿ?"

"ಕೊಡೋ ಮುಂಚೆ ನೀವೊಂದು ಸಲ ನೋಡಬಹುದಿತ್ತಲ್ಲ, ಭಾವ."

"ನೋಡಿದೆ. ಪುಟ ತುಂಬ್ಕೊಂಡು ಚೆನ್ನಾಗೇ ಕಾಣ್ತಿತ್ತು."

ಊರಿನಲ್ಲಿ ಬೇರೆ ಪ್ರೆಸ್ಸಿರಲಿಲ್ಲ. ಈ ಕುರ್ಚಿ ಹೋದರೆ ಮಗಳನ್ನು ಕಟ್ಟಿಕೊಂಡು ಅಕ್ಕನ ಅಡುಗೆಮನೆ ಸೇರಬೇಕು, ಇದೇ ಭಾವನಿಗೆ ಬಡಿಸಬೇಕು. ಅವಳು ಮರೆತ ಸಾಲನ್ನು ಸೇರಿಸಿ, ಹೊಸ ಪ್ರೂಫು ತೆಗೆದು ಕಾದಳು.

ಬಿರುದಪ್ಪನವರು ಹಳೆಯ ಪ್ರೂಫನ್ನು ಎದೆಗವಚಿಕೊಂಡು ಬಂದರು.

"ಇದನ್ನ ಮಾಡಿದ್ದು ಯಾರು?"

"ನಾನೇ ಸರ್. ತಪ್ಪಾಗಿತ್ತು, ಸರಿ ಮಾಡಿದೀನಿ." ಹೊಸದನ್ನು ಮುಂದಿಟ್ಟಳು.

ಅವರ ಮುಖ ಸಣ್ಣಗಾಯಿತು. "ಎಲ್ಲ ಕಡೆ ಒಂದೊಂದೇ ಸಲ? ಬೇಡ ಬೇಡ, ಮೊದಲಿದ್ದದ್ದೇ ಇರಲಿ. ಇಪ್ಪತ್ತನೇದು ನೋಡಿ ನಮ್ಮನೆಯವಳಿಗೆ ಮಾತೇ ಬರಲಿಲ್ಲ, ಗೊತ್ತಾ? ಆದ್ರೆ ಅದರಲ್ಲೂ ಒಂದು ಲೋಪ ಇದೆ."

ಭಾವ ಅವಳತ್ತ ಕಣ್ಣು ಕೆಕ್ಕರಿಸಿದ.

"ಮೊದಲನೇ ಲೇಖನಕ್ಕೆ ಒಂದೇ ಸಲ ಹಾಕಿದೀರಿ. ನನ್ನ ಬಗ್ಗೆ ಅದನ್ನ ಬರೆದಿರೋನು ನಾನೇ. ಅಲ್ಲೇ ಕೈ ಬಿಗಿಹಿಡಿದ್ರೆ ಹೇಗೆ?"

"ಹಾಕ್ತಾಳೆ ಸಾರ್, ಈಗಲೇ ಹಾಕ್ತಾಳೆ!" ಭಾವ ಅವರಿಗೆ ಕುರ್ಚಿ ಎಳೆದ.

"ಎಷ್ಟು ಸಲ ಹಾಕಲಿ ಸರ್?"

ಅವರು ಸೂರು ನೋಡಿ ಯೋಚಿಸಿದರು. "ಇಪ್ಪತ್ತನೇದಕ್ಕಿಂತ ಒಂದು ಜಾಸ್ತಿ ಇರಲಿ."

ಅವಳು ಬೆಳಗ್ಗೆ ಸೇರಿಸಿದ್ದ ಸಾಲನ್ನು, ಇಡೀ ಸ್ಕ್ರಿಪ್ಟಿನಲ್ಲಿ ಮರ್ಯಾದೆಯಿದ್ದ ಅದೊಂದೇ ಸಾಲನ್ನು, ಅಳಿಸಿ, ಮೊದಲನೆಯ ಲೇಖನಕ್ಕೆ ಮಾತ್ರ ಬೇರೆಯಾಗಿ ಇಪ್ಪತ್ತೊಂದು ಎಂದು ಒತ್ತಿದಳು. ಬೆನ್ನ ಹಿಂದೆ ಭಾವ ಹೇಳುತ್ತಿದ್ದ: "ನಮ್ಮ ಮನೆ ಹುಡುಗಿ ಸಾರ್. ಎಲ್ಲ ನಾನೇ ಕಲಿಸಿದ್ದು."