ಲೆಕ್ಕಕ್ಕಿಂತ ಹನ್ನೆರಡು ಹೆಚ್ಚು

ಸಾಯಬೇಕಾಗಿದ್ದವರು ಏಳು ಜನ, ಸತ್ತವರು ಹತ್ತೊಂಬತ್ತು. ಹಾಸನದ ಆರೋಗ್ಯ ಕಚೇರಿಯಲ್ಲಿ ಕೂತು ಗುಮಾಸ್ತ ಕೆಂಚಯ್ಯ ಮೂರು ಸಲ ಕೂಡಿ ಕಳೆದ, ಮೂರು ಸಲವೂ ಅದೇ ಬಂತು. ‘ಸಾಯಬೇಕಾಗಿದ್ದವರು’ ಅಂದರೆ ಗಾಬರಿ ಬೀಳಬೇಡಿ, ಇದು ಯಮನ ಲೆಕ್ಕವಲ್ಲ, ಗುಮಾಸ್ತರ ಲೆಕ್ಕ. ಅರಕಲಗೂಡು ತಾಲ್ಲೂಕಿನಲ್ಲಿ ಇಪ್ಪತ್ತರಿಂದ ಮೂವತ್ತೈದರ ಗಂಡಸರು ವರ್ಷಕ್ಕೆ ಸಾವಿರಕ್ಕೆಷ್ಟು ಸಾಯುತ್ತಾರೆ ಎಂದು ಮೊದಲು ತೆಗೆಯಬೇಕು. ಆ ಪ್ರಕಾರ ಮಂಟಿಕೊಪ್ಪಲು ಮತ್ತು ಅದರ ನಾಲ್ಕು ಮಜರೆಗಳಲ್ಲಿ ೧೯೫೮ರಿಂದ ೬೦ರವರೆಗೆ ಏಳು ಸಾವು ಬರಬೇಕಿತ್ತು. ಅದರ ಮೇಲೆ ಬಂದದ್ದೆಲ್ಲ ಹೆಚ್ಚುವರಿ. ಹೆಂಗಸರಲ್ಲಿ ಹೆಚ್ಚುವರಿ ಇಲ್ಲ, ಮುದುಕರಲ್ಲಿ ಇಲ್ಲ, ಮಕ್ಕಳಲ್ಲೂ ಇಲ್ಲ. ಕಲ್ಲು ಹೊತ್ತು ಬೆಟ್ಟ ಹತ್ತುವಂಥ ಗಂಡಸರೇ ಹನ್ನೆರಡು ಜನ ಹೆಚ್ಚಿಗೆ ಹೋಗಿದ್ದರು.

ಮಂಟಿಕೊಪ್ಪಲು ಕೆಂಚಯ್ಯನ ಸ್ವಂತ ಊರು. ಅಲ್ಲಿನ ಕೇರಿಯಿಂದ ಓದಿ ಸರ್ಕಾರಿ ಕುರ್ಚಿ ಹತ್ತಿದ ಮೊದಲನೆಯವನು ಅವನೇ. ಊರ ಪಕ್ಕದ ಗುಡ್ಡದಲ್ಲಿ ಬೆಣಚುಕಲ್ಲು ಪುಡಿ ಮಾಡುವ ಗಿರಣಿ ಇತ್ತು. ಐದೂ ಊರಿನ ಗಂಡಸರು ಅಲ್ಲಿಗೆ ಹೋಗಿ ದಿನವಿಡೀ ಆ ಧೂಳು ಕುಡಿದು ಬರುತ್ತಿದ್ದರು.

ಕಚೇರಿಯ ಮುಖ್ಯಸ್ಥರಾದ ಡಾಕ್ಟರು ಪಟ್ಟಿ ನೋಡಿದರು. ಅವರೇನೂ ಕೆಟ್ಟವರಲ್ಲ, ಆದರೆ ಕಾಗದ ಬಿಟ್ಟು ಅಲುಗಾಡುವವರಲ್ಲ. ಸಾವಿನ ಕಾರಣದ ಕಾಲಮ್ಮಿನ ಮೇಲೆ ಬೆರಳಿಟ್ಟು, ಹತ್ತು ಜನಕ್ಕೆ ಜ್ವರ, ನಾಲ್ಕು ಜನಕ್ಕೆ ಹಾವು, ಐವರಿಗೆ ಹೊಟ್ಟೆನೋವು, ಇದಕ್ಕೂ ಗಿರಣಿಗೂ ಏನಪ್ಪಾ ಸಂಬಂಧ ಎಂದು ಕೇಳಿದರು. ಕೆಮ್ಮು ಎಂದಿದ್ದರೆ ಇವತ್ತೇ ಗಿರಣಿ ನಿಲ್ಲಿಸಿ ತಪಾಸಣೆಗೆ ಬರೆಯುತ್ತಿದ್ದೆ, ಮಂಗಳವಾರ ಮೇಲಿನವರ ಸಭೆ ಇದೆ, ಅಷ್ಟರೊಳಗೆ ಪಟೇಲರ ಸಹಿ ಇರುವ ತಿದ್ದುಪಡಿ ತಂದರೆ ನೋಡೋಣ ಎಂದರು.

ಆ ನಾಲ್ಕು ಹಾವುಗಳಲ್ಲಿ ಒಂದನ್ನು ಬರೆಸಿದವನು ಕೆಂಚಯ್ಯನೇ.

ಮಂಟಿಕೊಪ್ಪಲಿನ ಪದ್ಧತಿ ಹಾಗಿತ್ತು. ಪಟೇಲ ಕೆಂಪಣ್ಣನವರು ಮರಣದ ಪುಸ್ತಕವನ್ನು ಚಾವಡಿಯಲ್ಲಿ ಎಲ್ಲರೆದುರು ತೆರೆದು, ಗಟ್ಟಿಯಾಗಿ ಓದುತ್ತ ಬರೆಯುತ್ತಿದ್ದರು. ಕೆಮ್ಮು ಎಂದು ಬರೆದರೆ ಮುಗಿಯಿತು, ಅದು ಕ್ಷಯದ ಮನೆ, ಆ ಮನೆಗೆ ಹೆಣ್ಣು ಕೊಡುವವರೂ ಇಲ್ಲ, ತರುವವರೂ ಇಲ್ಲ. ಅದಕ್ಕೇ ಪಟೇಲರು ಕನಿಕರದಿಂದ, ಏನಂತ ಬರೀಲಿ ಎಂದು ಮೊದಲು ಕೇಳುತ್ತಿದ್ದರು. ಮನೆಯವರು ಹೇಳಿದ್ದೇ ಕಾರಣ. ನಾಲ್ಕು ಜನಕ್ಕೆ ಹಾವು ಕಡಿದ ಊರಿನಲ್ಲಿ ಒಂದು ಹಾವನ್ನೂ ಯಾರೂ ಹೊಡೆದಿರಲಿಲ್ಲ ಅಂದರೆ ನೋಡಿ! ಎಂಥ ಕನಿಕರವೋ, ಅದರ ಮನೆ ಹಾಳಾಗ. ಕೆಂಚಯ್ಯನ ತಮ್ಮ ದ್ಯಾವಯ್ಯ ನಾಲ್ಕು ವರ್ಷ ಗಿರಣಿಯಲ್ಲಿದ್ದು, ಕೆಮ್ಮಿ ಕೆಮ್ಮಿ ಕಡ್ಡಿಯಾಗಿ, ಇಪ್ಪತ್ತಾರಕ್ಕೇ ಹೋಗಿದ್ದ. ತಂಗಿ ಸಣ್ಣಕ್ಕನ ಮುಖ ನೋಡಿ ಕೆಂಚಯ್ಯ ಹಾವು ಎಂದಿದ್ದ.

ಆ ಸಣ್ಣಕ್ಕನಿಗೆ ಈಗ ಇಪ್ಪತ್ತೆರಡು. ಎರಡು ಸಂಬಂಧ ಕೈತಪ್ಪಿ, ಮೂರನೆಯದು ನುಗ್ಗೇಹಳ್ಳಿ ಕಡೆಯಿಂದ ಬಂದಿತ್ತು. ಹುಡುಗ ಹೊಳೆನರಸೀಪುರದ ಲಾರಿ ಆಫೀಸಿನಲ್ಲಿದ್ದಾನೆ ಎಂದಿದ್ದರು. ಇದೇ ಭಾನುವಾರ ಚಾವಡಿಯ ಮುಂದೆ ಮಾತು ಗಟ್ಟಿಮಾಡುವ ಒಪ್ಪವೀಳ್ಯ. ನಿಜ ಹೇಳಿದರೆ ತಂಗಿಯ ಮದುವೆ ಮುರಿಯುತ್ತದೆ. ಹೇಳದಿದ್ದರೆ ಗಿರಣಿಯಲ್ಲಿರುವ ಅರವತ್ತು ಗಂಡಸರು ಮುಂದೆಯೂ ಆ ಧೂಳಿಗೇ ಇಳಿಯುತ್ತಾರೆ.

ಶನಿವಾರ ಕೆಂಚಯ್ಯ ಒಂದು ಸಣ್ಣತನ ಮಾಡಿದ. ಪಟೇಲರ ಮನೆಗೆ ಹೋಗಿ, ಮಿಕ್ಕ ಹದಿನೆಂಟು ಜನರ ಕಾರಣ ತಿದ್ದಿಕೊಡಿ ಎಂದು ಕೇಳಿದ. ಕೆಂಪಣ್ಣನವರು ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದರು.

“ಊರೋರ್ದೆಲ್ಲ ತಿದ್ದಿ ನಿಮ್ಮನೇದೊಂದ ಬುಟ್ಬುಡಾನಾ? ನಾಳೆ ಚಾವ್ಡೀಲಿ, ನಿನ್ ಬೀಗ್ರ ಮುಂದೇನೇ, ಮೊದ್ಲು ನಿಂದು ತಿದ್ಸು. ಆಮ್ಯಾಕೆ ಮಿಕ್ಕೋರ್ನ ಕೇಳ್ತೀನಿ.”

ಕೆಂಚಯ್ಯನಿಗೆ ಮೈಯೆಲ್ಲ ಉರಿಯಿತು. ಪಟೇಲರು ಹೇಳಿದ್ದರಲ್ಲಿ ತಪ್ಪಿಲ್ಲ ಎಂದೇ ಹೆಚ್ಚು ಉರಿಯಿತು. ಮನೆಗೆ ಬಂದು ತಾಯಿ ಮಾದಮ್ಮನಿಗೆ ಹೇಳಿದರೆ ಆಕೆ ಸೆರಗು ಕಚ್ಚಿಕೊಂಡು ಕೂತಳು. ಆಮೇಲೆ ಮಗನತ್ತ ತಿರುಗಿದಳು.

“ಸತ್ತೋನು ಸತ್ತ. ಇರೋಳ್ನ ಯಾಕ್ಲಾ ಸಾಯಿಸ್ತೀಯ?”

ಸಣ್ಣಕ್ಕ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಕೇಳಿಸಿಕೊಂಡು, ಒಲೆಗೆ ಸೌದೆ ನೂಕಿದಳು.

ಭಾನುವಾರ ಬೆಳಿಗ್ಗೆ ಗಂಡಿನ ತಂದೆ ಬೈರಯ್ಯ ನಾಲ್ಕು ಜನರೊಂದಿಗೆ ಬಂದರು. ಜಗಲಿಯ ಮೇಲೆ ಪಟೇಲರು, ಕೆಳಗೆ ಕೇರಿಯವರು, ಗಿರಣಿಗೆ ರಜೆಯಾದ್ದರಿಂದ ಕೂಲಿಯವರೂ ಪೂರ್ತಿ ನೆರೆದಿದ್ದರು. ವೀಳ್ಯದ ತಟ್ಟೆಗೆ ಕೆಂಪಣ್ಣನವರು ಕೈ ಚಾಚಿದರು. ಚಾಚಿದ ಕೈ ಹಾಗೇ ನಿಲ್ಲಿಸಿ ಕೆಂಚಯ್ಯನ ಕಡೆ ನೋಡಿದರು. ಅವನು ಎದ್ದು ನಿಂತ.

“ಗೌಡ್ರೆ, ವೀಳ್ಯ ತಕ್ಕಳಕ್ ಮುಂಚೆ ಒಂದ್ ಬರ್ಕಳಿ,” ಎಂದ. “ನಮ್ ದ್ಯಾವಯ್ಯಂಗೆ ಆವು ಕಡೀಲಿಲ್ಲ. ಗಿರಣಿ ಧೂಳು ಕುಡುದು, ಕೆಮ್ಮಿ ಕೆಮ್ಮಿ ಸತ್ತ. ಆವು ಅಂತ ಸುಳ್ಳು ಯೋಳಿದ್ದು ನಾನೇ.”

ಮಾದಮ್ಮ ಹಣೆ ಚಚ್ಚಿಕೊಂಡಳು. ಪಟೇಲರು ಪುಸ್ತಕ ತೆರೆದು, ಹಾವನ್ನು ಹೊಡೆದು ಹಾಕಿ, ಕೆಮ್ಮು ಎಂದು ಗಟ್ಟಿಯಾಗಿ ಓದುತ್ತ ಬರೆದರು. ಇನ್ನು ಯಾರಾದರೂ ಇದ್ದೀರಾ ಎಂದು ಕೇಳಿದರೆ ಅಷ್ಟು ಜನರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲರಿಗೂ ಮದುವೆಗೆ ಬಂದ ತಂಗಿಯರು, ಮಕ್ಕಳು. ತಂಗಿಯನ್ನು ಬಲಿ ಕೊಟ್ಟೂ ಸಿಕ್ಕಿದ್ದು ಒಂದೇ ಕೆಮ್ಮು ಎಂದುಕೊಂಡ ಕೆಂಚಯ್ಯ. ಆಗ ರೇವಮ್ಮ ಎಂಬ ವಿಧವೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಮುಂದೆ ಬಂದು, ತನ್ನ ಗಂಡನ ಹೊಟ್ಟೆನೋವನ್ನೂ ತೆಗೆದು ಹಾಕಿ ಎಂದಳು. ಆಮೇಲೆ ಮಗನನ್ನು ಕಳೆದುಕೊಂಡಿದ್ದ ಚೆನ್ನಯ್ಯ ಎದ್ದ, ಅವನ ಹಿಂದೆ ಇನ್ನೊಬ್ಬ. ಬಿಸಿಲು ಏರುವ ಹೊತ್ತಿಗೆ ಹದಿನಾಲ್ಕು ಕೆಮ್ಮಾಯಿತು. ಡಾಕ್ಟರಿಗೆ ಅಷ್ಟು ಸಾಕಿತ್ತು.

ಅಷ್ಟು ಹೊತ್ತೂ ಕೆಂಚಯ್ಯ ಬೀಗರ ಕಡೆ ತಿರುಗಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿರುತ್ತಾರೆ ಎಂದೇ ಎಣಿಸಿದ್ದ. ತಿರುಗಿದರೆ ಬೈರಯ್ಯ ಕೂತಲ್ಲೇ ಇದ್ದರು. ಟವಲು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

“ನಮ್ ದೊಡ್ಡೋನೂ ಇಂಗೇ ಓದ ಕಣಪ್ಪ,” ಎಂದರು. “ಈ ಗಿರಣಿ ಧಣೀದೇ ಒಳೆನರಸೀಪುರದ ತಾವು ಇನ್ನೊಂದು ಗಿರಣಿ ಅದೆ. ಅಲ್ಲಿದ್ದ. ಊರಿಗ್ ಬಂದು ಸತ್ತ. ಜ್ವರ ಅಂತ ಬರೆಸ್ದೊ.”

ಕೆಂಚಯ್ಯ ಬೆಪ್ಪಾದ. ಆ ಗಿರಣಿ ಅವನ ಪಟ್ಟಿಯಲ್ಲೇ ಇರಲಿಲ್ಲ. ಊರಿಗೆ ಹೋಗಿ ಸತ್ತವರು ಯಾವ ಯಾವ ಪುಸ್ತಕದಲ್ಲಿ, ಯಾವ ಯಾವ ಸುಳ್ಳಾಗಿ ಕೂತಿದ್ದಾರೋ, ಹನ್ನೆರಡು ಎಂಬುದು ಬರೀ ಒಂದು ಮೂಲೆಯ ಲೆಕ್ಕ. ಇದಾದ ಮೇಲೆ ಇನ್ನೊಂದು ಹೊಳೆಯಿತು. ಹುಡುಗ ಇರುವುದೂ ಹೊಳೆನರಸೀಪುರದಲ್ಲೇ. ಅಷ್ಟರಲ್ಲಿ ಬೈರಯ್ಯನವರೇ ತಲೆ ತಗ್ಗಿಸಿಕೊಂಡು ಹೇಳಿದರು. ಲಾರಿ ಆಫೀಸು ಇಲ್ಲ, ಏನೂ ಇಲ್ಲ. ಅಣ್ಣ ಹೋದ ಮೇಲೆ ಅದೇ ಜಾಗಕ್ಕೆ ತಮ್ಮನನ್ನು ಕರೆದುಕೊಂಡರಂತೆ. ಮೂರು ವರ್ಷವಾಯಿತಂತೆ.

ಹೆಂಗಸರ ಗುಂಪಿನಿಂದ ಸಣ್ಣಕ್ಕ ಎದ್ದು ಬಂದಳು. ಯಾರೂ ತಡೆಯಲಿಲ್ಲ. ಬೈರಯ್ಯನವರ ಮುಂದೆ ನೆಲದ ಮೇಲೆ ಕೂತು, ಮೆಲ್ಲಗೆ ಕೇಳಿದಳು.

“ಕೆಮ್ತಾರಾ, ಮಾವ?”

“ವಸಿ ಕಣವ್ವ,” ಎಂದರು ಬೈರಯ್ಯ.