ಮುಚ್ಚಳ ಎತ್ತಿದ ಕೈ

ಹುಬ್ಬಳ್ಳಿಯ ಬಡಿಗ ಮೌನೇಶಪ್ಪ ನನ್ನನ್ನು ಮಾಡುವಾಗ ಅವನಿಗೆ ಜ್ವರ ಇತ್ತು. ಪ್ಲೈವುಡ್ಡಿನ ಹಲಗೆಗೆ ನಾಲ್ಕು ಕಡೆ ಚೌಕಟ್ಟು ಬಡಿದ, ಮೂಲೆಗಳಲ್ಲಿ ದುಂಡಗೆ ತೂತು ಕೊರೆದ, ನಡುವೆ ಕೆಂಪು ವೃತ್ತ ಬರೆದ. ಎಲ್ಲ ಸರಿಯಾಗಿಯೇ ಆಯಿತು, ಒಂದು ಮೂಲೆ ಮಾತ್ರ ಎಳ್ಳಷ್ಟು ತಗ್ಗಾಯಿತು. ನಾನು ಕೇರಂ ಬೋರ್ಡು. ಕೇರಂ ಬೋರ್ಡಿಗೆ ಎಳ್ಳಷ್ಟು ತಗ್ಗು ಎಂದರೆ ಹುಟ್ಟು ಕುಂಟು.

ಮೊದಲು ನನ್ನನ್ನು ರೈಲ್ವೆ ಕೆಲಸಗಾರರ ಮನರಂಜನೆ ಕೋಣೆಗೆ ಒಯ್ದರು. ಎಲ್ಲಿ ಹೊಡೆದರೂ ಕಾಯಿ ಕೊನೆಗೆ ಆ ತಗ್ಗಿನ ಕಡೆಗೇ ಹೊರಳುತ್ತಿತ್ತು. ಆಡುವವರು ಬೈದರು, ಕಾಲಡಿಗೆ ರಟ್ಟು ಮಡಚಿಟ್ಟು ನೋಡಿದರು, ವರ್ಷ ಕಳೆಯುವುದರೊಳಗೆ ಗೋಡೆಗೆ ಒರಗಿಸಿಬಿಟ್ಟರು. ಅಲ್ಲಿಂದ ನನ್ನನ್ನು ತಲೆಯ ಮೇಲೆ ಹೊತ್ತು ತಂದವನು ಹಡಪದ ಗುರುಲಿಂಗಪ್ಪ. ರೈಲ್ವೆ ಕೆಲಸಗಾರರ ವಠಾರವಾದ ಲೋಕೋ ಚಾಳದ ಮೈದಾನಕ್ಕೆ ಎದುರಾಗಿ ಅವನ ಕಟಿಂಗ್ ಅಂಗಡಿ. ಒಳಗೆ ಎರಡು ಕುರ್ಚಿ, ಹೊರಗೆ ಬೇವಿನ ಗಿಡದ ಕೆಳಗೆ ಒಂದು ಬೆಂಚು. ಬೆಂಚಿನ ಮುಂದೆ ನಾಲ್ಕು ಇಟ್ಟಿಗೆಯ ಕಂಬ ಮಾಡಿ ನನ್ನನ್ನು ಮಲಗಿಸಿದ. ಬೋರಿಕ್ ಪೌಡರ್ ಇರಲಿಲ್ಲ. ಗಿರಾಕಿಗಳ ಕುತ್ತಿಗೆಗೆ ಹಚ್ಚುವ ಪೌಡರನ್ನೇ ನನ್ನ ಮೈಗೂ ಸವರಿದ. ಅಲ್ಲಿಂದ ನಾನು ಲೋಕವನ್ನು ಕೆಳಗಿನಿಂದ ನೋಡತೊಡಗಿದೆ. ಗದ್ದಗಳು, ಮೂಗಿನ ಹೊಳ್ಳೆಗಳು, ಅರ್ಧ ಬೋಳಿಸಿದ ಕೆನ್ನೆಗಳು.

ಅಂಗಡಿಯಲ್ಲೂ ನನ್ನ ಮೇಲೆ ಯಾರೂ ಬಹಳ ದಿನ ಕೇರಂ ಆಡಲಿಲ್ಲ. ನನಗೆ ಬೇರೆ ಕೆಲಸ ಸಿಕ್ಕಿತು.

ಚಾಳದ ಹುಡುಗರದೊಂದು ಫುಟ್‌ಬಾಲ್ ತಂಡವಿತ್ತು. ಪಕ್ಕದ ಕೆರಿ ಓಣಿಯದೊಂದು ತಂಡ. ಎರಡಕ್ಕೂ ಹಾವು ಮುಂಗುಸಿ. ವರ್ಷಕ್ಕೊಮ್ಮೆ, ದಸರೆ ಮುಗಿದ ಮೊದಲ ಭಾನುವಾರ, ಎರಡೂ ಎದುರಾಗುತ್ತಿದ್ದವು. ಹಿಂದಿನ ದಿನ ಸಂಜೆ ನಾಲ್ಕಕ್ಕೆಲ್ಲ ಬೇವಿನ ಗಿಡದ ಕೆಳಗೆ ಚಾಳದ ಹಿರಿಯರು ಸೇರುವರು. ಬಿಳಿ ಕಾಯಿ ನಮ್ಮವರು, ಕರಿ ಕಾಯಿ ಕೆರಿ ಓಣಿಯವರು, ಕೆಂಪು ಕಾಯಿ ಚೆಂಡು. ಕೇರಂನಲ್ಲಿ ಕಾಯಿ ಒಂಬತ್ತೊಂಬತ್ತೇ. ತಂಡಕ್ಕೆ ಹನ್ನೊಂದು ಬೇಕು. ಹಾಗಾಗಿ ಎರಡೂ ಕಡೆ ಒಂದೊಂದು ಅಂಗಿಯ ಗುಂಡಿ ಸೇರಿಸಿದರು, ಗೋಲ್‌ಕೀಪರನ ಜಾಗಕ್ಕೆ ಸೋಡಾ ಬಾಟಲಿಯ ಮುಚ್ಚಳ ಇಟ್ಟರು. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರ ಬೆನ್ನು ಬಿಡಬಾರದು, ಎಲ್ಲ ನನ್ನ ಮೇಲೆಯೇ ತೀರ್ಮಾನ. ಮೈದಾನದ ಪಂದ್ಯ ಒಂದನ್ನೂ ನಾನು ಕಣ್ಣಾರೆ ಕಂಡಿಲ್ಲ. ಕೇಳಿದ್ದು ಮಾತ್ರ ಕೂಗು. ಕೆರಿ ಓಣಿಯವರ ಕೂಗು ಬೇರೆ, ನಮ್ಮವರ ಕೂಗು ಬೇರೆ. ಏಳು ವರ್ಷ ಸತತವಾಗಿ ಕೊನೆಗೆ ಕೇಳಿಸಿದ್ದು ಅವರದೇ.

ಈ ವಾದಕ್ಕೆ ಇಬ್ಬರು ಯಜಮಾನರು. ಒಬ್ಬ ಶಮುವೇಲಪ್ಪ, ವರ್ಕ್‌ಶಾಪಿನ ನಿವೃತ್ತ ಫಿಟ್ಟರ್, ಒಂದು ಕಾಲಕ್ಕೆ ತಂಡದ ಡಿಫೆಂಡರ್. ಇನ್ನೊಬ್ಬ ದಾವಲಸಾಬ ನದಾಫ, ಹತ್ತಿ ಹಿಂಜಿ ಗಾದಿ ಹೊಲಿಯುವವನು. ದಾವಲಸಾಬ ಜೀವಮಾನದಲ್ಲಿ ಚೆಂಡಿಗೆ ಒದ್ದವನಲ್ಲ, ಆದರೆ ಮೂವತ್ತು ವರ್ಷ ಒಂದು ಪಂದ್ಯ ತಪ್ಪಿಸಿದವನೂ ಅಲ್ಲ. ಅವನ ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆ. ಬಗ್ಗಿ ಕಾಯಿ ಸರಿಸುವಾಗ ಒಂದೆರಡು ಎಳೆ ನನ್ನ ಮೇಲೆ ಬೀಳುತ್ತಿದ್ದವು. ಅವನ ಮಗ ಮೌಲಾಲಿ ತಂಡದ ಗೋಲ್‌ಕೀಪರ್. ಇಪ್ಪತ್ತನಾಲ್ಕರ ಪ್ರಾಯ, ಬೆಕ್ಕಿನಂಥ ಮೈ. ನೆಲಕ್ಕೆ ಅಂಟಿ ಬರುವ ಚೆಂಡನ್ನು ಅವನಂತೆ ಹಿಡಿಯುವವರು ಹುಬ್ಬಳ್ಳಿಯಲ್ಲೇ ಇಲ್ಲ ಎನ್ನುತ್ತಿದ್ದರು. ಆ ಏಳರಲ್ಲಿ ಐದನೆಯ ವರ್ಷ, ಕೆರಿ ಓಣಿಯ ವಿರುದ್ಧ ಆಡುವಾಗಲೇ, ಎತ್ತರದ ಚೆಂಡಿಗೆ ಹಾರಿ ಒಬ್ಬನ ತಲೆ ಬಡಿದು ಮೌಲಾಲಿಯ ದವಡೆ ಮುರಿದಿತ್ತು. ತಿಂಗಳುಗಟ್ಟಲೆ ಗಂಜಿ ಕುಡಿದು ಮತ್ತೆ ಆಟಕ್ಕೆ ಬಂದಿದ್ದ.

ನಾನು ಹೇಳಬೇಕಾಗಿರುವುದು ಎಂಟನೆಯ ವರ್ಷದ ಆ ಶನಿವಾರದ ಕತೆ.

ಆ ಸಂಜೆ ಕೋಚ್ ಪರಶುರಾಮನೂ ಬಂದಿದ್ದ. ಸಾಮಾನ್ಯವಾಗಿ ಹಿರಿಯರ ವಾದ ಬೇವಿನ ಗಿಡದ ಕೆಳಗೇ ಹುಟ್ಟಿ ಅಲ್ಲೇ ಸಾಯುತ್ತಿತ್ತು. ಅದನ್ನು ಮೈದಾನಕ್ಕೆ ಒಯ್ದವರಿಲ್ಲ. ಏಳು ಸೋಲು ತಿಂದು ಪರಶುರಾಮನಿಗೆ ಬೇರೆ ದಾರಿ ಉಳಿದಿರಲಿಲ್ಲ. ಮಂಡಿಯೂರಿ ನನ್ನ ಪಕ್ಕ ಕೂತು, "ಹೇಳ್ರಿ ಕಾಕಾ, ಈ ಸಲ ನೀವು ಹೇಳಿದಂಗ ಆಡಸ್ತೇನಿ" ಎಂದ.

ದಾವಲಸಾಬನಿಗೆ ಹುರುಪು ಬಂತು. ಬಿಳಿ ಕಾಯಿಗಳನ್ನು ಮುಂದೆ ಮುಂದೆ ತಳ್ಳಿದ. "ಮೊದಲ ಹತ್ತು ಮಿನಿಟಿನಾಗ ಮ್ಯಾಲ ಬೀಳೂಣು. ಅವರು ಉಸಿರು ತಗೊಳ್ಳೂದರಾಗ ಒಂದು ಗೋಲ್ ಆಗಬೇಕು."

"ಆಮ್ಯಾಲ?" ಎಂದ ಶಮುವೇಲಪ್ಪ. "ಅವರಿಗೆ ಒಂದು ಕಾರ್ನರ್ ಸಿಕ್ಕರ ಮುಗೀತು. ಹೋದ ವರ್ಷದ ಗೋಲ್ ಹೆಂಗಾತು? ಕಾರ್ನರ್, ಅವರ ಆ ಉದ್ದ ನಾಗೇಶಿ ತಲಿ. ಅದಕ್ಕಿಂತ ಹಿಂದಿನ ವರ್ಷ? ಕಾರ್ನರ್, ನಾಗೇಶಿ ತಲಿ."

ಅವನು ಕರಿ ಕಾಯಿಯೊಂದನ್ನು ನಮ್ಮ ಗೋಲಿನ ಮುಂದೆ ತಂದಿಟ್ಟ. ಕೆಂಪು ಕಾಯಿಯನ್ನು ಮೂಲೆಯಿಂದ ಎತ್ತಿ ಗಾಳಿಯಲ್ಲಿ ತಂದು ಅದರ ಮೇಲೆ ಇಳಿಸಿದ. ನಮ್ಮ ಸೋಡಾ ಮುಚ್ಚಳ ಇದ್ದಲ್ಲೇ ಇತ್ತು. ಅದರ ಮೇಲೆ ಬೆರಳಿಟ್ಟ.

"ಇಂವ ಗೆರಿ ಬಿಟ್ಟು ಬರಬೇಕು. ಬಂದು ಚೆಂಡು ಹಿಡೀಬೇಕು. ಬರೂದಿಲ್ಲ."

ಗುರುಲಿಂಗಪ್ಪ ಒಳಗೆ ಗಿರಾಕಿಯ ಗದ್ದಕ್ಕೆ ಹಿಡಿದಿದ್ದ ಕತ್ತಿಯನ್ನು ಹಾಗೇ ನಿಲ್ಲಿಸಿದ.

"ದವಡಿ ಮುರದಾಗಿಂದ ಬರವಲ್ಲ. ನಾನು ಎಣಿಸೇನಿ. ಎರಡು ವರ್ಷದಾಗ ಎತ್ತರದ ಚೆಂಡಿಗೆ ಒಂದ ಸಲ ಹೊರಗ ಬಂದಿಲ್ಲ. ಹುಡುಗ ಭಾಳ ಛಲೋ ಅದಾನ, ನಾ ಇಲ್ಲ ಅನ್ನೂದಿಲ್ಲ. ಆದ್ರ ಅಂಜತಾನ. ಬದಲಿ ಕೀಪರ್ ಯಲ್ಲಪ್ಪಗ ಅನುಭವ ಇಲ್ಲ ಖರೆ, ಅಂಜಿಕಿನೂ ಇಲ್ಲ." ಶಮುವೇಲಪ್ಪ ಇಷ್ಟನ್ನೂ ನನ್ನನ್ನೇ ನೋಡುತ್ತ ಹೇಳಿದ. ಗೆಳೆಯನ ಮುಖ ನೋಡಲು ಅವನಿಗೂ ಆಗಲಿಲ್ಲ.

ಪರಶುರಾಮ ಮೆಲ್ಲಗೆ, "ದಾವಲ ಕಾಕಾ, ನೀವ ಹೇಳ್ರಿ. ನೀವು ಬ್ಯಾಡಂದ್ರ ನಾ ತೆಗಿಯೂದಿಲ್ಲ" ಎಂದ.

ದಾವಲಸಾಬನ ಮುಖ ನನ್ನ ನೇರ ಮೇಲಿತ್ತು. ಅವನು ಅಪ್ಪನಾಗಿ ಒಂದು ಮಾತು ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಆ ತಂಡದ ಜೊತೆ ಬಿಸಿಲಲ್ಲಿ ನಿಂತವನು ಅವನು. ಶಮುವೇಲಪ್ಪ ಎಣಿಸಿದ್ದನ್ನು ಅವನೂ ಎಣಿಸಿದ್ದ. ಕೈ ಚಾಚಿ ಸೋಡಾ ಮುಚ್ಚಳ ಎತ್ತಿದ, ಅಂಗಿಯ ಕಿಸೆಗೆ ಹಾಕಿಕೊಂಡ.

"ಯಲ್ಲಪ್ಪನ್ನ ಆಡಸು" ಎಂದ. "ಶಮುವೇಲಣ್ಣ ಹೇಳೂದು ಖರೆ ಐತಿ."

ಅವನು ಎದ್ದು ಹೋದ. ಉಳಿದವರು ಇನ್ನೊಂದಿಷ್ಟು ಹೊತ್ತು ಕಾಯಿ ಸರಿಸಿದರು.

ಮರುದಿನದ ಪಂದ್ಯದ ಸುದ್ದಿ ನನಗೆ ಬಂದದ್ದು ಬೆಂಚಿನ ಮಾತುಗಳಿಂದ. ಕೆರಿ ಓಣಿಯವರಿಗೆ ಒಂಬತ್ತು ಕಾರ್ನರ್ ಸಿಕ್ಕವಂತೆ. ಒಂಬತ್ತಕ್ಕೂ ಯಲ್ಲಪ್ಪ ಗೆರೆ ಬಿಟ್ಟು ಬಂದ, ನಾಗೇಶಿಯ ತಲೆಗಿಂತ ಮೊಳ ಎತ್ತರ ಹಾರಿ ಚೆಂಡು ಹಿಡಿದ. ಪ್ರತಿ ಸಲ ನಮ್ಮವರ ಕೂಗು ನನಗೂ ಕೇಳಿಸಿತು. ಎಂಬತ್ತೈದು ನಿಮಿಷ ಸೊನ್ನೆ ಸೊನ್ನೆ. ಆಮೇಲೆ ಕೆರಿ ಓಣಿಯವನೊಬ್ಬ ದೂರದಿಂದ ಸುಮ್ಮನೆ ಒದ್ದ. ಜೋರಿಲ್ಲದ ಚೆಂಡು, ನೆಲದ ಮೇಲೆ ತೆವಳಿಕೊಂಡು ಬಂತು. ಯಲ್ಲಪ್ಪ ಬಗ್ಗಿದ; ಚೆಂಡು ಅವನ ಕೈಯಡಿ ನುಸುಳಿ ಒಳಗೆ ಹೋಯಿತು. ಮೌಲಾಲಿ ಕಣ್ಣು ಮುಚ್ಚಿಯೂ ಹಿಡಿಯುತ್ತಿದ್ದ ಚೆಂಡು. ಅವನು ಗೆರೆಯ ಹೊರಗೆ, ಬದಲಿ ಆಟಗಾರರ ಜೊತೆ ಕೂತಿದ್ದನಂತೆ.

ಸಂಜೆ ಶಮುವೇಲಪ್ಪ ಬಂದು ಬೆಂಚಿನ ಮೇಲೆ ಕೂತ. "ನಾ ಹೇಳಿದ್ದು ತಪ್ಪಿರಲಿಲ್ಲ" ಎಂದ. ಗುರುಲಿಂಗಪ್ಪ, "ಇಲ್ರಿ, ತಪ್ಪಿರಲಿಲ್ಲ" ಎಂದ. ಇಬ್ಬರಿಗೂ ಅದರಿಂದ ಏನೂ ಸಮಾಧಾನವಾಗಲಿಲ್ಲ.

ಆ ವಾರವೇ ಮೌಲಾಲಿ ಮೀರಜಿಗೆ ಹೋದ. ಅಲ್ಲಿ ಲಾರಿ ಓಡಿಸುವ ಕೆಲಸ ಹಿಡಿದ. ಹುಬ್ಬಳ್ಳಿಗೆ ಬರಲಿಲ್ಲ, ಅಪ್ಪನಿಗೆ ಫೋನೂ ಮಾಡಲಿಲ್ಲ. ಮುಚ್ಚಳ ಎತ್ತಿದ್ದು ಅಪ್ಪನೇ ಎಂದು ಯಾರೋ ಚಾಡಿ ಹೇಳಿದರು ಎಂದೇ ಚಾಳದವರೆಲ್ಲ ತಿಳಿದರು. ಶಮುವೇಲಪ್ಪ ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದ: ನೀ ಹೇಳಿದಿ? ನೀ? ಯಾರೂ ಒಪ್ಪಲಿಲ್ಲ.

ದಾವಲಸಾಬ ಬರುವುದು ಬಿಡಲಿಲ್ಲ. ಅದೇ ಜಾಗ, ಅದೇ ಬೆಂಚು. ಮೀರಜಿನ ರೈಲು ಬಂತೇ ಎಂದು ಕೇಳುವನು, ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ. ಮುಂದಿನ ವರ್ಷ ಪಂದ್ಯದ ಹಿಂದಿನ ಸಂಜೆ ಕಾಯಿ ಜೋಡಿಸಿ, "ದಾವಲಪ್ಪ, ನೀ ಏನಂತಿ?" ಎಂದು ಶಮುವೇಲಪ್ಪ ಕೇಳಿದ. "ನನಗೇನ ತಿಳೀತದ ಅಣ್ಣಾ, ನಾ ಗಾದಿ ಹೊಲಿಯಾಂವ" ಎಂದ ದಾವಲಸಾಬ. ಮೂರು ಗೋಲಿನಿಂದ ಸೋತರು. ಅದರ ಮುಂದಿನ ವರ್ಷ ಹನ್ನೊಂದು ಜನವೇ ಕೂಡಲಿಲ್ಲ. ಮೈದಾನಕ್ಕೆ ತಂತಿಬೇಲಿ ಬಂತು. ಶಮುವೇಲಪ್ಪನ ಕಣ್ಣು ಮಂದವಾಗಿ ಅವನು ಮಗಳ ಮನೆ ಸೇರಿದ. ಮಳೆಗೆ ನನ್ನ ಮೈ ಉಬ್ಬಿತು. ಗುರುಲಿಂಗಪ್ಪ ನನ್ನನ್ನು ಅಂಗಡಿಯ ಹಿಂದಕ್ಕೆ ಒಯ್ದು ನೀರಿನ ಡ್ರಮ್ಮಿನ ಮೇಲೆ ಮುಚ್ಚಿದ.

ದಾವಲಸಾಬ ತೀರಿಕೊಂಡದ್ದು ಮಗ ಹೋದ ಆರನೆಯ ವರ್ಷ. ಹತ್ತಿಯ ಧೂಳು ಎದೆಯೊಳಗೆ ಕೂತಿತ್ತು ಎಂದರು. ಮೌಲಾಲಿ ಮಣ್ಣಿಗೆ ಬಂದ. ಮೂರನೆಯ ದಿನ ಅಂಗಡಿಯ ಹಿಂದೆ ಕೈಕಾಲು ತೊಳೆಯಲು ಬಂದು ನನ್ನ ಮೇಲೆ ಕೈಯೂರಿ ನಿಂತ. ಗುರುಲಿಂಗಪ್ಪ ತಂಬಿಗೆ ಹಿಡಿದು ಪಕ್ಕಕ್ಕೆ ಬಂದ. ಬಹಳ ವರ್ಷದಿಂದ ಕಟ್ಟಿಕೊಂಡಿದ್ದ ಸುಳ್ಳೊಂದನ್ನು ಆಗ ಬಿಚ್ಚಿದ.

"ಮೌಲಾಲಿ, ಅವತ್ತ ನಿಮ್ಮಪ್ಪ ಏನೂ ಅಂದಿಲ್ಲೋ. ಮುಚ್ಚಳ ತೆಗದಾಂವ ಶಮುವೇಲಪ್ಪ. ಯಾರು ಚಾಡಿ ಹೇಳಿದ್ರೋ, ಸುಳ್ಳ ಹೇಳ್ಯಾರ."

ಮೌಲಾಲಿ ತಲೆ ಅಲ್ಲಾಡಿಸಿದ. "ಯಾರೂ ಚಾಡಿ ಹೇಳಿಲ್ಲ ಕಾಕಾ. ಅಪ್ಪನ ಹೇಳಿದ್ರು. ಅವತ್ತ ಸಂಜೀಕ ಇಲ್ಲಿಂದ ಸೀದಾ ಮನಿಗೆ ಬಂದ್ರು, ಕಿಸೆದಾಗಿನ ಮುಚ್ಚಳ ತೆಗದು ನನ್ನ ಮುಂದ ಇಟ್ರು. 'ನಿನ್ನ ನಾನ ತೆಗದೇನಿ' ಅಂದ್ರು. 'ನಾ ಅಂಜತೇನಿ ಅಂತ ನಿಮಗೂ ಅನಸ್ತದೇನು' ಅಂತ ಕೇಳಿದೆ. 'ಹೌದಪ್ಪಾ' ಅಂದ್ರು."

"ಅದಕ್ಕ ಸಿಟ್ಟಾತೇನು?"

"ಸಿಟ್ಟಲ್ಲ. ಖರೇನ ಹೇಳಿದ್ರು. ಚೆಂಡು ಮ್ಯಾಲೆದ್ರ ನನ್ನ ಕಾಲು ಕದಲತಿರಲಿಲ್ಲ. ಯಾರಿಗೂ ಗೊತ್ತಾಗಿಲ್ಲ ಅನಕೊಂಡಿದ್ದೆ. ಅಪ್ಪಗ ಎರಡು ವರ್ಷದಿಂದ ಗೊತ್ತಿತ್ತು. ಆಮ್ಯಾಲ ಅವರ ಮುಂದ ಹೆಂಗ ಕೂಡಲಿ? ಇವತ್ತ ಬರಬೇಕು, ನಾಳೆ ಬರಬೇಕು ಅಂತ ಆರು ವರ್ಷ ಹೋತು."

"ನೀ ಅವನ ಮ್ಯಾಲ ಸಿಟ್ಟಾಗೀದಿ ಅಂತ ತಿಳದ ಹೋದ ಅಂವ" ಎಂದ ಗುರುಲಿಂಗಪ್ಪ. ಹೇಳಬಾರದಿತ್ತೆಂದು ಹೇಳಿದ ಮೇಲೆ ಅವನಿಗೆ ಅನಿಸಿರಬೇಕು. ತಂಬಿಗೆ ಕೆಳಗಿಟ್ಟು ಒಳಗೆ ಹೋದ.

ಮೌಲಾಲಿ ನನ್ನನ್ನು ಸರಿಸಿ ನೀರು ತುಂಬಿಕೊಂಡ, ಮುಖ ತೊಳೆದ, ನನ್ನನ್ನು ಮೊದಲಿನಂತೆ ಡ್ರಮ್ಮಿನ ಮೇಲೆ ಮುಚ್ಚಿ ಮೀರಜಿನ ರೈಲಿಗೆ ಹೋದ. ಮತ್ತೆ ಬಂದಿಲ್ಲ.

ಈಗ ನನ್ನ ಪದರಗಳು ಒಂದೊಂದಾಗಿ ಏಳುತ್ತಿವೆ. ಕೆಳಗೆ ನೀರು, ಮೇಲೆ ಬಿಸಿಲು. ನನ್ನ ಮೇಲೆ ನಡೆದ ವಾದಗಳನ್ನೆಲ್ಲ ಒಮ್ಮೊಮ್ಮೆ ನೆನೆಯುತ್ತೇನೆ. ಶಮುವೇಲಪ್ಪ ಹೇಳಿದ್ದು ಸರಿ. ದಾವಲಸಾಬ ಮಾಡಿದ್ದು ಸರಿ. ಮಗ ಒಪ್ಪಿಕೊಂಡದ್ದೂ ಸರಿ. ಯಾರಾದರೂ ಒಬ್ಬರು ತಪ್ಪು ಮಾಡಿದ್ದರೆ, ಅವರನ್ನು ಬೈದುಕೊಂಡಾದರೂ ಬದುಕಬಹುದಿತ್ತು.